ಬಿಲ್ಲೋ ಬಂದೂಕೋ: ರುವೈಸ್ ದಾರಿಯ ಜಿಂಕೆಗಳು

ವಿಮಾನ ನಿಲ್ದಾಣ

ಅಬುಧಾಬಿಯ ವಿಮಾನ ನಿಲ್ದಾಣದಲ್ಲಿ ನನ್ನ ಸೂಟ್‌ಕೇಸ್ ತೆರೆಸಿದ ಅಧಿಕಾರಿ ಮೊದಲು ಹೊರಗೆ ತೆಗೆದದ್ದು ಬಾಣಗಳನ್ನು. ಅಲ್ಯೂಮಿನಿಯಂ ಬಾಣಗಳು, ಮೊಂಡು ಮೊನೆಯವು, ಮಕ್ಕಳ ಅಭ್ಯಾಸಕ್ಕೆ ಬಳಸುವಂಥವು. ನಾನು ಬಂಟ್ವಾಳದ ಕಡೆಯ ಕಾನ್ವೆಂಟ್ ಶಾಲೆಯೊಂದರ ವ್ಯಾಯಾಮ ಶಿಕ್ಷಕಿ, ಮಕ್ಕಳಿಗೆ ಬಿಲ್ಲುಗಾರಿಕೆ ಕಲಿಸುವವಳು ಎಂದು ಇಂಗ್ಲಿಷಿನಲ್ಲಿ ಹೇಳಲು ಪ್ರಯಾಣದುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಆತ ಬಾಣಗಳನ್ನು ಒಮ್ಮೆ ನೋಡಿ ಬದಿಗಿಟ್ಟ. ಕೆಳಗಿದ್ದ ಹಲಸಿನ ಹಪ್ಪಳದ ಕಟ್ಟು ಬಿಚ್ಚಿ, ಒಂದನ್ನು ಬೆಳಕಿಗೆ ಹಿಡಿದು, "ಇದೇನು?" ಎಂದು ಬಹಳ ಸಂಶಯದಿಂದ ಕೇಳಿದ. ಎಣ್ಣೆಗೆ ಹಾಕಿದರೆ ಅರಳುತ್ತದೆ ಎಂದು ಎರಡೂ ಕೈ ಬಳಸಿ ಅಭಿನಯಿಸಿದೆ. ಆತ ಪಕ್ಕದ ಕೌಂಟರಿನವನನ್ನೂ ಕರೆದ. ಇಬ್ಬರೂ ಮೂಸಿ ನೋಡಿದರು. ಆಯುಧ ಸುಮ್ಮನೆ ಪಾಸಾಯಿತು, ಹಪ್ಪಳಕ್ಕೆ ಮಾತ್ರ ವಿಚಾರಣೆ!

ಹೊರಗೆ ಇರ್ಫಾನ್ ಕಾಯುತ್ತಿದ್ದ. ನನ್ನ ಹಳೆಯ ಶಿಷ್ಯ. ಬ್ಯಾರಿಗಳ ಹುಡುಗ, ಶಾಲೆಯಲ್ಲಿದ್ದಾಗ ಬಿಲ್ಲು ಹಿಡಿದರೆ ಅವನ ಬಾಣ ಗುರಿಹಲಗೆಗಿಂತ ಹಿಂದಿನ ತೆಂಗಿನ ಮರಕ್ಕೇ ಹೆಚ್ಚು ಬೀಳುತ್ತಿತ್ತು. ಈಗ ಅವನಿಗೆ ಮೂವತ್ತು ದಾಟಿದೆ. ರುವೈಸಿಗೆ ಹೋಗುವ ದಾರಿಯಲ್ಲಿ ಒಬ್ಬ ಅರಬ್ ಯಜಮಾನರಿಗೆ ಬೇಲಿ ಹಾಕಿದ ದೊಡ್ಡ ಮರಳು ಜಾಗವಿದೆ. ಅಲ್ಲಿಯ ಪ್ರಾಣಿಗಳನ್ನೆಲ್ಲ ನೋಡಿಕೊಳ್ಳುವುದು ಇವನ ಕೆಲಸ. ಯಜಮಾನರನ್ನು ಅಲ್ಲಿ ಎಲ್ಲರೂ ಕರೆಯುವುದು ಅರ್ಬಾಬ್ ಎಂದು. ಕ್ರಿಸ್‌ಮಸ್ ರಜೆಯಲ್ಲಿ ಬಂದು ಹೋಗಿ ಎಂದು ಅವನು ವಾಯ್ಸ್ ಮೆಸೇಜ್ ಮೇಲೆ ವಾಯ್ಸ್ ಮೆಸೇಜ್ ಕಳಿಸಿದ್ದ. "ಬಿಲ್ಲಿನ ವಿಷಯದಲ್ಲಿ ನಿಮ್ಮ ಮಾತು ಬೇಕು ಟೀಚರ್" ಎಂದಿದ್ದ. ಬಿಲ್ಲು ಅಂದರೆ ನಾನು ಚಂದ್ರಲೋಕಕ್ಕೂ ಹೊರಡುವವಳೇ.

ಅಲ್ ಮೀನಾ

ಮರುದಿನ ಬೆಳಿಗ್ಗೆ ಇರ್ಫಾನನ ಜೊತೆ ಅಲ್ ಮೀನಾದ ಮೀನು ಮಾರುಕಟ್ಟೆಗೆ ಹೋದೆ. ನಮ್ಮ ಮಂಗಳೂರು ಬಂದರಿನಲ್ಲಿ ಕಾಲಿಡಬೇಕಾದರೆ ಸೀರೆ ಎತ್ತಿ ಹಿಡಿಯಬೇಕು, ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಳ್ಳಬೇಕು. ಇಲ್ಲಿ ನೆಲ ಫಳಫಳ. ಮಾರುವವರು ಒಂದು ಬಣ್ಣದ ಅಂಗಿ, ಮೀನು ಕತ್ತರಿಸುವವರು ಇನ್ನೊಂದು ಬಣ್ಣದ ಅಂಗಿ. ಅಂಜಲ್ ಮೀನನ್ನು ಒಬ್ಬನಿಂದ ತೆಗೆದುಕೊಂಡು ಹತ್ತು ಮಾರು ಹೊತ್ತು ಇನ್ನೊಬ್ಬನಿಗೆ ಕೊಡಬೇಕು. ನಾನು ಕಿವಿರು ಎತ್ತಿ ನೋಡಿ, ನಿನ್ನೆಯ ಮೀನು ಎಂದು ತುಳುವಿನಲ್ಲಿ ಗೊಣಗಿದೆ. ಮಾರುವವನು ತುಳುವಿನಲ್ಲೇ, "ಇಲ್ಲ ಅಕ್ಕ, ಇವತ್ತಿನದ್ದೇ" ಎಂದ. ನನಗೆ ನಾಚಿಕೆಯೂ ಆಯಿತು, ತವರಿಗೆ ಬಂದಷ್ಟು ಖುಷಿಯೂ ಆಯಿತು.

ಮೀನು ಕತ್ತರಿಸಿ ಆಗುವವರೆಗೆ ಇರ್ಫಾನ್ ವಿಷಯ ಬಿಚ್ಚಿದ. ಬೇಲಿಯೊಳಗಿನ ಜಿಂಕೆಗಳು ಮಿತಿ ಮೀರಿವೆ. ಕೊಲ್ಲುವ ಪ್ರಾಣಿ ಅಲ್ಲಿಲ್ಲ, ಹುಲ್ಲು ಲಾರಿಯಲ್ಲಿ ಬರುತ್ತದೆ, ಮರಿ ಹಾಕುವುದು ನಿಲ್ಲುವುದಿಲ್ಲ. ಈಗ ಗಂಡುಗಳು ಹೊಡೆದಾಡಿ ಕೊಂಬು ಮುರಿದುಕೊಳ್ಳುತ್ತಿವೆ, ಬಡಕಲು ಮರಿಗಳು ಸಾಯುತ್ತಿವೆ. ಆ ದೇಶದಲ್ಲಿ ಕಾಡುಪ್ರಾಣಿಯನ್ನು ಬೇಟೆಯಾಡುವಂತಿಲ್ಲ. ಆದರೆ ಇವು ಬೇಲಿಯೊಳಗೇ ಹುಟ್ಟಿದವು; ಅಪ್ಪಣೆ ಪಡೆದು ಕಡಿಮೆ ಮಾಡಬಹುದಂತೆ. ಅರ್ಬಾಬರಿಗೆ ಗೊತ್ತಿರುವ ಬಂದೂಕಿನವರು ಎತ್ತರದ ಅಟ್ಟ ಕಟ್ಟಿ, ಒಂದೇ ದಿನದಲ್ಲಿ ಅರ್ಧ ಹಿಂಡನ್ನು ಮುಗಿಸಿ ಕೊಡುತ್ತೇವೆ ಎಂದಿದ್ದಾರೆ. ಅರ್ಬಾಬರ ಅಣ್ಣನ ಮಗ ಸೈಫ್ ಅಮೆರಿಕದಲ್ಲಿ ಓದಿ ಬಂದವನು, ಬಿಲ್ಲಿನ ಹುಚ್ಚು. ಬಂದೂಕು ಬೇಡ, ಬಿಲ್ಲು ಸಾಕು ಎಂದು ಅವನ ಹಟ.

"ನಿಂಗೆ ಯಾವುದು ಬೇಕು?" ಎಂದು ಕೇಳಿದೆ.

"ನಂಗೆ ಎರಡೂ ಬೇಡ ಟೀಚರ್. ಆದ್ರೆ ಬಿಲ್ಲಾದ್ರೆ ಒಂದೊಂದೇ ಹೋಗ್ತದೆ, ತಿಂಗಳುಗಟ್ಟಲೆ ಹಿಡಿತದೆ. ಅಷ್ಟ್ರಲ್ಲಿ ಅರ್ಬಾಬರ ಮನಸ್ಸು ಬದಲಾಗ್ಲೂ ಬಹುದು. ಬಂದೂಕಾದ್ರೆ ಒಂದೇ ದಿನ, ಖಲಾಸ್." ಅವನ ಧ್ವನಿ ಸಣ್ಣದಾಯಿತು. "ಅದ್ರಲ್ಲಿ ಒಂದು ಪಾತು ಅಂತ ಉಂಟು. ತಾಯಿ ಸತ್ತ ಮರಿ. ನಾನೇ ಬಾಟ್ಲಿ ಹಾಲು ಕೊಟ್ಟು ಸಾಕಿದ್ದು. ಸೈಫ್ ಬಿಲ್ಲು ಅಂತ ಹೇಳಿದ್ರೆ ಅರ್ಬಾಬ್ ನಂಬುದಿಲ್ಲ. ಕಲಿಸುವವರು ಹೇಳಿದ್ರೆ ನಂಬ್ತಾರೆ. ನೀವೊಮ್ಮೆ ನೋಡಿ 'ಬಿಲ್ಲು ಆಗ್ತದೆ' ಅಂತ ಹೇಳ್ಬೇಕು, ಅಷ್ಟೇ."

ಅಷ್ಟೇ ತಾನೇ, ಹೇಳಿದರಾಯಿತು ಎಂದುಕೊಂಡೆ. ಮನೆಗೆ ಬಂದಾಗ ಇರ್ಫಾನನ ಮಗಳು, ಯುಕೆಜಿಯ ಪೋರಿ, ನನ್ನ ಬಾಣ ಮುಟ್ಟಿ ನೋಡಿ, "ಆಂಟಿ, ಆರ್ ಯೂ ಗೋಯಿಂಗ್ ಟು ಶೂಟ್ ಪಾತು?" ಎಂದಳು. ನಾನು ಕನ್ನಡದಲ್ಲಿ ಇಲ್ಲ ಕಂದಾ ಎಂದೆ. ಅವಳು ಇಂಗ್ಲಿಷಿನಲ್ಲಿ ನಂಬಲಿಲ್ಲ.

ರುವೈಸ್ ದಾರಿ

ಅಬುಧಾಬಿಯಿಂದ ಪಶ್ಚಿಮಕ್ಕೆ ಹೊರಟರೆ ರಸ್ತೆ ಎಷ್ಟು ನೆಟ್ಟಗಿದೆ ಎಂದರೆ, ಚಾರ್ಮಾಡಿ ಘಾಟಿಯಲ್ಲಿ ವಾಂತಿ ಮಾಡಿಕೊಂಡು ಬೆಳೆದ ನನಗೆ ಇದು ರಸ್ತೆಯೇ ಅನ್ನಿಸಲಿಲ್ಲ. ರುವೈಸಿನ ಎಣ್ಣೆ ಕಾರ್ಖಾನೆ ಬರುವುದಕ್ಕೆ ಮೊದಲೇ ಒಳದಾರಿ ಹಿಡಿದೆವು. ಬೇಲಿ, ಗೇಟು, ಅದರಾಚೆ ಮರಳಿನ ದಿಬ್ಬಗಳು, ನಡುವೆ ಮುಳ್ಳಿನ ಮರಗಳು. ಎಲ್ಲ ಮರಗಳೂ ಒಂದೇ ಎತ್ತರದವರೆಗೆ ಬೋಳು. ಹಿಂಗಾಲ ಮೇಲೆ ನಿಂತ ಜಿಂಕೆಯ ಬಾಯಿಗೆ ಎಟಕುವವರೆಗೆ ಒಂದೆಲೆ ಉಳಿದಿರಲಿಲ್ಲ. ಹಿಂಡು ಹೆಚ್ಚಾಗಿದೆ ಎಂಬುದು ನನಗೆ ಅಲ್ಲೇ ಅರ್ಥವಾಯಿತು.

ಇರ್ಫಾನ್ ಪಿಕಪ್ಪಿನಿಂದ ಇಳಿದು ಕಬ್ಬಿಣದ ಬಕೆಟ್ಟನ್ನು ಕೋಲಿನಿಂದ ಬಡಿದ. ಅಯ್ಯೋ, ಆ ನೋಟ! ಮರಳೇ ಎದ್ದು ಓಡಿ ಬಂದ ಹಾಗೆ ದಿಬ್ಬದ ಮೇಲಿಂದ ಇಳಿದು ಬಂದವು. ನಮ್ಮ ಚುಕ್ಕೆ ಜಿಂಕೆಗಿಂತ ಸಣ್ಣವು, ಆಡಿನ ಗಾತ್ರ, ಮೈ ಮರಳಿನದೇ ಬಣ್ಣ, ಕಣ್ಣಿಗೆ ಕಾಡಿಗೆ ತೀಡಿದಂಥ ಗೆರೆ. ಎಲ್ಲಕ್ಕಿಂತ ಮುಂದೆ ಬಂದ ಹೆಣ್ಣು ನೇರ ಇರ್ಫಾನನ ಜೇಬಿಗೆ ಮೂತಿ ಹಾಕಿತು. ಅದೇ ಪಾತು. ಖರ್ಜೂರ ಸಿಗದೆ ಅವನ ಅಂಗಿಯ ಗುಂಡಿಯನ್ನೇ ಜಗಿಯಿತು.

ಸೈಫ್ ಆಗಲೇ ಬಿಲ್ಲು ಹಿಡಿದು ನಿಂತಿದ್ದ. ಕಾಲಿನವರೆಗೆ ಇಳಿಬಿದ್ದ ಬಿಳಿ ನಿಲುವಂಗಿ, ಕಂದೂರ, ತೊಟ್ಟ ನಗುಮುಖದ ತರುಣ. ಅವನದು ಎರಡು ತುದಿಗೂ ರಾಟೆ ಇರುವ ಬಿಲ್ಲು. ಅಮೆರಿಕದಲ್ಲಿ ಊರಿನ ಅಂಚಿನಲ್ಲಿ ಜಿಂಕೆ ಹೆಚ್ಚಾದರೆ ಬಿಲ್ಲಿಗೆ ಮಾತ್ರ ಅಪ್ಪಣೆ ಇರುವ ಜಾಗಗಳಿವೆ ಎಂದು ವಿವರಿಸಿದ. ಗುಂಡು ಎಲ್ಲಿಂದೆಲ್ಲಿಗೋ ಹೋಗಿ ಯಾರ ಮನೆ ಕಿಟಕಿಗೋ ಬೀಳಬಹುದು, ಬಾಣ ಹತ್ತಿರದಲ್ಲೇ ನೆಲಕ್ಕಿಳಿಯುತ್ತದೆ. ಸದ್ದೂ ಇಲ್ಲ. ಮನೆಗಳಿಲ್ಲದ ದೂರದ ಕಾಡಿನಲ್ಲಾದರೆ ಬಂದೂಕು. ಯಾವ ಪ್ರದೇಶದಲ್ಲಿ ಎಷ್ಟು ಜಿಂಕೆ ಹೊಡೆಯಬಹುದು ಎಂಬುದನ್ನು ಸರಕಾರವೇ ಹೇಳುತ್ತದಂತೆ. ಭೂಮಿಯ ಮೇಲೆ ಬಿಲ್ಲುಗಾರರಿಗೆ ಮಾತ್ರ ಬಾಗಿಲು ತೆರೆಯುವ ಕಾಡೊಂದಿದೆ ಎಂದು ಕೇಳಿಯೇ ನನಗೆ ಮೈ ಜುಮ್ಮೆಂದಿತು.

"ನೀವೂ ಬಿಡಿ ಟೀಚರ್" ಎಂದು ಬಿಲ್ಲನ್ನು ಕೈಗೆ ಕೊಟ್ಟ. ಬಿದಿರಿನ ಬಿಲ್ಲು ಎಳೆದು ಎಳೆದು ಹೆಗಲು ಸವೆದವಳು ನಾನು. ಇದು ಮೊದಲು ಜಗ್ಗಿತು, ಆಮೇಲೆ ರಾಟೆ ತಿರುಗಿ ಭಾರವೆಲ್ಲ ಮಾಯ! ಆ ಗಾಬರಿಗೆ ಬೆರಳು ಸಡಿಲಿ ಬಾಣ ಗುರಿಯ ತಲೆಯ ಮೇಲೆ ಹಾರಿ ಮರಳಿನೊಳಗೆ ಹೊಕ್ಕಿತು. ಅಲ್ಲಿ ಬಾಣ ನೆಲಕ್ಕೆ ಚುಚ್ಚಿ ನಿಲ್ಲುವುದಿಲ್ಲ, ಹಾವಿನಂತೆ ಮರಳಿನಡಿಗೆ ಸರಿದು ಹೋಗುತ್ತದೆ. ಅರ್ಬಾಬರ ಅತಿಥಿಯಾಗಿ ಬಂದವಳು ಮಂಡಿಯೂರಿ ಎರಡೂ ಕೈಯಲ್ಲಿ ಮರಳು ಬಗೆಯುತ್ತಿರುವಾಗಲೇ ಅರ್ಬಾಬರ ಕಾರು ಬಂದು ನಿಂತಿತು. ಇರ್ಫಾನ್ ಹಣೆ ಚಚ್ಚಿಕೊಂಡ. ಎರಡನೆಯ ಬಾಣ ನಟ್ಟನಡುವೆ ಹೊಡೆದು ಮಾನ ಉಳಿಸಿಕೊಂಡೆ.

ಪರೀಕ್ಷೆ

ಅರ್ಬಾಬ್ ಕಡಿಮೆ ಮಾತಿನ, ನೆರೆತ ಗಡ್ಡದ ಹಿರಿಯರು. ಜೊತೆಗೆ ಪಶುವೈದ್ಯ ಡಾಕ್ಟರ್ ಉಸ್ಮಾನ್, ಸೂಡಾನಿನವರು. ಮಾತೆಲ್ಲ ಅರ್ಧ ಹಿಂದಿ, ಅರ್ಧ ಇಂಗ್ಲಿಷ್. ಸೈಫ್ ಹೊಡೆದು ತೋರಿಸಿದ. ಹುಡುಗ ಭಲೇ ಹುಡುಗ! ಒಂದಾದ ಮೇಲೊಂದು ಬಾಣ ಅಂಗೈಯಗಲ ಜಾಗದಲ್ಲಿ ನಾಟಿದವು. "ಆಗ್ತದೆ" ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು.

ಆದರೆ ಕಲಿಸುವವರ ಚಾಳಿ ಬಿಡುತ್ತದೆಯೇ? ಗುರಿಹಲಗೆ ಅಲ್ಲಾಡುವುದಿಲ್ಲ, ಜಿಂಕೆ ಅಲ್ಲಾಡುತ್ತದೆ ಎಂದು ತಲೆಯಲ್ಲಿ ಹುಳ ಹೊಕ್ಕಿತು. ಗುರಿಯನ್ನು ಹುಲ್ಲಿನ ತೊಟ್ಟಿಯಿಂದ ಸ್ವಲ್ಪ ದೂರದಲ್ಲಿ ಇಡಿಸಿ, ಇರ್ಫಾನನಿಗೆ ಬಕೆಟ್ ಬಡಿಯಲು ಹೇಳಿದೆ. ಹಿಂಡು ಬಂದು ತಿನ್ನತೊಡಗಿತು. ಡಾಕ್ಟರ್ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ಹಿಡಿದರು. ಸೈಫ್ ಬಾಣ ಬಿಟ್ಟ. ಹೆದೆಯ ಸದ್ದು ಟಪ್ ಎಂದದ್ದೇ ತಡ, ಇಡೀ ಹಿಂಡು ಚಿಮ್ಮಿ ಚದುರಿತು. ಬಾಣ ಗುರಿಗೇ ಬಿದ್ದಿತ್ತು.

ಆಮೇಲೆ ವಿಡಿಯೊ ನೋಡಿದೆವು. ಬಾಣ ಇನ್ನೂ ಅರ್ಧ ದಾರಿಯಲ್ಲಿದೆ, ಅಷ್ಟರಲ್ಲೇ ಜಿಂಕೆಗಳ ಬೆನ್ನು ಗೇಣಿನಷ್ಟು ಕೆಳಗೆ ಕುಸಿದಿದೆ. ನೆಗೆಯುವುದಕ್ಕೆ ಮೊದಲು ಮೈ ಕುಗ್ಗಿಸುವುದು ಅವುಗಳ ರೀತಿ. ಒಂದು ಕುಸಿದಿದೆ, ಒಂದು ತಿರುಗಿದೆ, ಒಂದು ಪಕ್ಕಕ್ಕೆ ಹಾರಿದೆ. ಎದೆಗೆಂದು ಬಿಟ್ಟ ಬಾಣ ಬೆನ್ನಿಗೋ ಹೊಟ್ಟೆಗೋ ಹೊಕ್ಕು, ಆ ಜೀವ ಮರಳಿನಲ್ಲಿ ಇಡೀ ದಿನ ಎಳೆದಾಡಿಕೊಂಡು ಸಾಯಬೇಕು.

"ಸ್ವಲ್ಪ ಕೆಳಗೆ ಗುರಿ ಇಡುತ್ತೇನೆ" ಎಂದ ಸೈಫ್. "ಅಮೆರಿಕದಲ್ಲಿ ಇಷ್ಟು ಬೆದರುವುದಿಲ್ಲ."

"ಅಲ್ಲಿ ಎಲೆಗಳ ಸದ್ದಿದೆ, ಕಾರುಗಳ ಸದ್ದಿದೆ, ಊರಿನ ಜಿಂಕೆಗಳಿಗೆ ಅದೆಲ್ಲ ಅಭ್ಯಾಸ. ಇಲ್ಲಿ ಏನಿದೆ?" ಎಂದೆ. ನಾವು ಸುಮ್ಮನಾದಾಗ ನಿಜವಾಗಿಯೂ ಏನೂ ಇರಲಿಲ್ಲ. ಆ ಮೌನದಲ್ಲಿ ನಮ್ಮ ಉಸಿರೂ ಕೇಳುತ್ತಿತ್ತು.

ಅರ್ಬಾಬ್ ನನ್ನ ಕಡೆ ತಿರುಗಿದರು. "ಹೇಳಿ, ಬಿಲ್ಲು ಆಗುತ್ತದೋ ಇಲ್ಲವೋ?"

ಇರ್ಫಾನ್ ನನ್ನನ್ನೇ ನೋಡುತ್ತಿದ್ದ. ಹೌದು ಎಂದರೆ ಅವನಿಗೆ ಕಾಲಾವಕಾಶ ಸಿಗುತ್ತಿತ್ತು, ಸೈಫ್ ಕುಣಿಯುತ್ತಿದ್ದ, ಬಿಲ್ಲು ಬಂದೂಕನ್ನು ಗೆದ್ದಿತೆಂದು ನಾನು ಊರಿಡೀ ಹೇಳಿಕೊಂಡು ತಿರುಗಬಹುದಿತ್ತು. "ಇಲ್ಲಿ ಆಗುವುದಿಲ್ಲ" ಎಂದೆ. "ಹಾಗಾದರೆ ಬಂದೂಕು?" ಎಂದರು. "ಕೊಲ್ಲಲೇಬೇಕಾದರೆ ಬಂದೂಕೇ ಮೇಲು, ಗುಂಡು ಸದ್ದಿಗಿಂತ ಮೊದಲೇ ಮುಟ್ಟುತ್ತದೆ. ಬಿಲ್ಲಿನವಳಾಗಿ ಹೇಳಲು ನನಗೆ ಸಂಕಟ, ಆದರೂ ನಿಜ ಅದೇ."

ಇರ್ಫಾನ್ ಬಕೆಟ್ಟನ್ನು ನೆಲಕ್ಕೆ ಕುಕ್ಕಿದ. "ಇದಕ್ಕೆ ನಾನು ನಿಮ್ಮನ್ನು ಇಲ್ಲಿಯವರೆಗೆ ಕರೆಸಿದ್ದಾ ಟೀಚರ್?" ಎಂದ ಕನ್ನಡದಲ್ಲಿ. ಅವನು ನನ್ನ ಮುಖ ನೋಡದೆ ಪಿಕಪ್ಪಿನ ಆಚೆ ಬದಿಗೆ ಹೋಗಿ ನಿಂತ. ನನಗೆ ಅಳು ಬಂತು.

ಅರ್ಬಾಬರ ಗುಡಾರ

ನಿರ್ಧಾರ ಏನೇ ಇರಲಿ, ಅತಿಥಿಯನ್ನು ಊಟ ಹಾಕದೆ ಕಳಿಸುವವರಲ್ಲ ಅವರು. ದೊಡ್ಡ ಹರಿವಾಣದ ಸುತ್ತ ಕುಳಿತೆವು. ಹಿಡಿದು ಬೇರೆಡೆ ಸಾಗಿಸಬಹುದಲ್ಲ ಎಂದು ಕೇಳಿದೆ. ದಕ್ಷಿಣದ ದೊಡ್ಡ ರಕ್ಷಿತ ಮರುಭೂಮಿಯವರು ಜಿಂಕೆಗಳನ್ನು ಕೇಳಿದ್ದಾರೆ, ಕೊಡಲು ತಯಾರಿದ್ದೇವೆ ಎಂದರು ಡಾಕ್ಟರ್. ಹಿಂದಿನ ವರ್ಷ ಪಿಕಪ್ಪಿನಲ್ಲಿ ಅಟ್ಟಿ ಬಲೆ ಹಾಕಿ ನೋಡಿದ್ದರಂತೆ. ಗಾಬರಿಗೆ ಎದೆಯೊಡೆದು ಎಷ್ಟೋ ಸತ್ತವು. ಅದನ್ನು ಮತ್ತೆ ಮಾಡಬೇಡಿ ಎಂದು ಡಾಕ್ಟರೇ ಅರ್ಬಾಬರಿಗೆ ಕೈ ಮುಗಿದಿದ್ದರಂತೆ.

"ನಿಮ್ಮೂರಲ್ಲಿ ಹೆಚ್ಚಾದರೆ ಏನು ಮಾಡುತ್ತೀರಿ?" ಎಂದರು ಅರ್ಬಾಬ್.

"ನಮ್ಮಲ್ಲಿ ಜಿಂಕೆ ಮುಟ್ಟಿದರೆ ಜೈಲು" ಎಂದೆ. "ನನಗೆ ಗೊತ್ತಿರುವುದು ಆಡಿನ ಕಾಟ ಮಾತ್ರ. ನೆರೆಮನೆಯ ಆಡುಗಳು ಮುಳ್ಳುತಂತಿ ಹಾರಿ ನಮ್ಮ ಶಾಲೆಯ ಮೈದಾನಕ್ಕೆ ನುಗ್ಗುತ್ತವೆ. ಕ್ರೀಡಾಕೂಟದ ದಿನ ಶಾಮಿಯಾನದ ಬದಿಬಟ್ಟೆ ಕಟ್ಟಿದರೆ ಮಾತ್ರ ಒಂದೂ ಮೂಗು ತೂರಿಸುವುದಿಲ್ಲ. ಬರೀ ಬಟ್ಟೆಗೆ ಹೆದರುತ್ತವೆ, ಮಂಕುಗಳು."

ಡಾಕ್ಟರ್ ಉಸ್ಮಾನ್ ತುತ್ತನ್ನು ಬಾಯಿಯ ಹತ್ತಿರವೇ ನಿಲ್ಲಿಸಿದರು. ಆಚೆ ಬದಿ ಕಾಣದಿದ್ದರೆ ಪ್ರಾಣಿಗಳಿಗೆ ಬಟ್ಟೆಯೂ ಬಂಡೆಯೇ, ಆಫ್ರಿಕದಲ್ಲಿ ಹೀಗೆ ಬಟ್ಟೆಯ ಗೋಡೆ ಕಟ್ಟಿ ಹಿಡಿಯುವುದುಂಟು ಎಂದರು. "ಆದರೆ ಅಲ್ಲಿ ಹೆಲಿಕಾಪ್ಟರಿನಲ್ಲಿ ಅಟ್ಟಿ ಒಳಗೆ ತರುತ್ತಾರೆ. ಇಲ್ಲಿ ಅಟ್ಟಿದರೆ ಮತ್ತೆ ಸಾಯುತ್ತವೆ."

ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ಇರ್ಫಾನ್ ಹಿಂದಿಯಲ್ಲಿ, "ಅಟ್ಟುವುದು ಯಾಕೆ ಡಾಕ್ಟರ್? ನಾನು ಬಕೆಟ್ ಬಡಿದರೆ ಅವೇ ಬರುತ್ತವಲ್ಲ!" ಎಂದ.

ಎಲ್ಲರೂ ಒಂದೇ ಸಲ ಮಾತಾಡತೊಡಗಿದರು. ಸೈಫ್ ಟಿಶ್ಯೂ ಪೆಟ್ಟಿಗೆಯಿಂದ ಗೋಡೆ ಕಟ್ಟಿ, ಖರ್ಜೂರದ ಬೀಜಗಳನ್ನು ಜಿಂಕೆ ಮಾಡಿ ಓಡಾಡಿಸಿದ. ಅರ್ಬಾಬ್ ಕೈ ಎತ್ತಿ ತಡೆದು, ಟೀಚರ್ ಊರಿಗೆ ಹೋಗುವುದರೊಳಗೆ ಆಗಬೇಕು, ಆಗದಿದ್ದರೆ ಮರುದಿನವೇ ಬಂದೂಕಿನವರು ಬರುತ್ತಾರೆ ಎಂದರು.

ಅಲ್ ಕೂಜ್

ಬಟ್ಟೆಗಾಗಿ ದುಬೈಗೆ ಓಡಿದೆವು. ಜನ ದುಬೈಗೆ ಹೋಗಿ ಎತ್ತರದ ಕಟ್ಟಡದ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ನೋಡಿದ ದುಬೈ ಅಂದರೆ ಅಲ್ ಕೂಜಿನ ಗೋದಾಮುಗಳು. ವೆಲ್ಡಿಂಗಿನ ಕಿಡಿ, ಲಾರಿಗಳ ಸಾಲು, ಬಾಲ್ಕನಿ ತುಂಬ ಒಣಗಲು ಹಾಕಿದ ಕಾರ್ಮಿಕರ ಅಂಗಿಗಳು. ನೆರಳುಬಟ್ಟೆಯ ಗೋದಾಮಿನಲ್ಲಿ ನಾನು ಪ್ರತಿಯೊಂದು ಥಾನನ್ನೂ ಬಿಚ್ಚಿಸಿ, ಅದರ ಹಿಂದೆ ಇರ್ಫಾನನನ್ನು ನಿಲ್ಲಿಸಿದೆ.

"ಹಲ್ಲು ಬಿಡು!"

"ಬಿಟ್ಟೆ ಟೀಚರ್."

"ಕಾಣ್ತಾ ಉಂಟು. ಇದು ಬೇಡ, ಬೇರೆ ತೆಗಿ."

ಗೋದಾಮಿನವನು ನಮ್ಮಿಬ್ಬರಿಗೂ ತಲೆ ಸರಿ ಇಲ್ಲ ಎಂದುಕೊಂಡಿರಬೇಕು. ಇರ್ಫಾನನ ಹಲ್ಲು ಕಾಣದ ಬಟ್ಟೆ ಸಿಕ್ಕಿದಾಗ ಅವನು ಅದರ ಹಿಂದಿನಿಂದಲೇ, "ಟೀಚರ್, ನಿನ್ನೆ ಸಿಟ್ಟಲ್ಲಿ ಹೇಳಿದ್ದು, ಮನಸ್ಸಿಗೆ ಹಚ್ಚಿಕೊಳ್ಬೇಡಿ" ಎಂದ. "ಹಚ್ಚಿಕೊಂಡಾಯ್ತು. ಈಗ ಹೊರಗೆ ಬಾ" ಎಂದೆ. ಇಬ್ಬರೂ ನಕ್ಕೆವು.

ಬಟ್ಟೆಯ ಗೋಡೆ

ಹುಲ್ಲಿನ ತೊಟ್ಟಿಯ ಸುತ್ತ ಆಳೆತ್ತರಕ್ಕಿಂತ ಎತ್ತರದ ಬಟ್ಟೆಯ ಗೋಡೆ ಎದ್ದಿತು. ಒಂದು ಕಡೆ ಮಾತ್ರ ಬಾಗಿಲು. ಮೊದಲು ಬಕೆಟ್ ಬಡಿದಾಗ ಹಿಂಡು ಬಾಗಿಲವರೆಗೆ ಬಂದು, ಬಟ್ಟೆ ನೋಡಿ ವಾಪಸು ಹೋಯಿತು. ಮರುದಿನವೂ ಹಾಗೆಯೇ. ಇರ್ಫಾನನಿಗೆ ನಿದ್ದೆಯಿಲ್ಲ, ನನಗೆ ಊಟ ಸೇರದು. ಆಮೇಲೊಂದು ಬೆಳಿಗ್ಗೆ ಪಾತು ಕತ್ತು ಚಾಚಿ ಬಟ್ಟೆಯನ್ನು ಮೂಸಿ, ಇರ್ಫಾನನ ಜೇಬು ಹುಡುಕುತ್ತಾ ಒಳಗೆ ನಡೆದುಬಿಟ್ಟಿತು. ಅದರ ಹಿಂದೆ ಒಂದು, ಇನ್ನೊಂದು. ಅದರ ಮರುದಿನ ಅರ್ಧ ಹಿಂಡು ಒಳಗಿತ್ತು.

ಬಾಗಿಲಿಗೆ ಅಡ್ಡ ಪರದೆ ಎಳೆಯಬೇಕು. ಎರಡು ಕಡೆಯಿಂದ ಇಬ್ಬರು ಓಡಿ ನಡುವೆ ಸೇರಬೇಕು. ತಡವಾದರೆ ಹಿಂಡು ಹೊರಗೆ. ಮತ್ತೆಂದೂ ಆ ಬಾಗಿಲಿಗೆ ಬಾರದು. ಓಡುವ ಕೆಲಸ ನನಗೆ ಮತ್ತು ಸೈಫ್‌ಗೆ. ಇಷ್ಟು ವರ್ಷ ಮಕ್ಕಳಿಗೆ ಸೀಟಿ ಊದಿ ಓಡಿಸಿದವಳು ಈಗ ನಾನೇ ಮರಳಿನಲ್ಲಿ ಬಗ್ಗಿ ನಿಂತಿದ್ದೆ. "ಯಲ್ಲಾ! ಓಡಿ!" ಎಂದರು ಡಾಕ್ಟರ್. ಓಡಿದೆ! ಮರಳು ಕಾಲು ಹಿಡಿದೆಳೆಯಿತು, ಚಪ್ಪಲಿ ಎಲ್ಲೋ ಹೋಯಿತು, ದುಪಟ್ಟಾ ಎಲ್ಲೋ ಹೋಯಿತು. ಆಚೆಯಿಂದ ಬರುತ್ತಿದ್ದ ಸೈಫ್ ಕಂದೂರ ತೊಡರಿ ಧೊಪ್ಪನೆ ಬಿದ್ದ. ಬಿದ್ದರೂ ಹಗ್ಗ ಬಿಡಲಿಲ್ಲ. ನಾನು ಅವನ ಪಾಲಿನ ದಾರಿಯನ್ನೂ ಓಡಿ ಪರದೆ ಸೇರಿಸಿದೆ. ಹಿಂಡು ಒಮ್ಮೆ ನುಗ್ಗಿ ಬಂದು ಬಟ್ಟೆಯ ಮುಂದೆ ಗಕ್ಕನೆ ನಿಂತಿತು. ಹರಿದು ಹೋಗಬಹುದಾದ ಬಟ್ಟೆ! ಒಂದೂ ಮುಟ್ಟಲಿಲ್ಲ. ನಾನು ಮರಳಲ್ಲಿ ಅಂಗಾತ ಬಿದ್ದು ಹುಚ್ಚಿಯಂತೆ ನಕ್ಕೆ.

ಡಾಕ್ಟರ್ ಒಂದೊಂದರ ಕಣ್ಣಿಗೂ ಬಟ್ಟೆ ಕಟ್ಟಿ ಪೆಟ್ಟಿಗೆಗೆ ಹಾಕಿಸಿದರು. ಪಾತುವಿನ ಸರದಿ ಬಂದಾಗ ನಿಲ್ಲಿಸಿ, "ಇದು ನಿನ್ನದು ಇರ್ಫಾನ್. ಬೇಕಾದರೆ ಇಟ್ಟುಕೋ" ಎಂದರು. ಇರ್ಫಾನ್ ಬಹಳ ಹೊತ್ತು ಅದರ ಕತ್ತು ನೇವರಿಸಿದ. "ಇಲ್ಲಿ ಮತ್ತೆ ಮರಿ ಹಾಕ್ತವೆ ಟೀಚರ್, ಮತ್ತೆ ಹೆಚ್ಚಾಗ್ತವೆ. ಅವತ್ತು ಬಕೆಟ್ ಬಡಿಯುದು ನಾನಾಗಿರ್ಲಿಕ್ಕಿಲ್ಲ. ಯಾರು ಬಡಿದ್ರೂ ಮೊದ್ಲು ಬರುದು ಇದೇ" ಎಂದ. ಪೆಟ್ಟಿಗೆಯೊಳಗೆ ತಾನೇ ಇಳಿಸಿದ.

ದಕ್ಷಿಣದ ಮರುಭೂಮಿ

ಲಾರಿಯ ಹಿಂದೆಯೇ ಹೋದೆವು. ಅಲ್ಲಿಯ ದಿಬ್ಬಗಳ ಮುಂದೆ ಅರ್ಬಾಬರ ಜಾಗ ನಮ್ಮ ಶಾಲೆಯ ಮೈದಾನದಷ್ಟು ಸಣ್ಣದೆನಿಸಿತು. ಮರಗಳಿಗೆ ಬುಡದವರೆಗೂ ಎಲೆಗಳಿದ್ದವು. ಇಳಿಬಿಸಿಲಿನಲ್ಲಿ ಪೆಟ್ಟಿಗೆಗಳ ಬಾಗಿಲು ತೆರೆದರು. ಒಂದೊಂದಾಗಿ ಚಿಮ್ಮಿದವು, ಗಾಳಿಯಲ್ಲಿ ನಾಲ್ಕೂ ಕಾಲು ಮಡಚಿ, ನೆಲ ಮುಟ್ಟಿದ್ದೇ ಸುಳ್ಳು ಎಂಬಂತೆ. ಸೈಫ್ ಮಗುವಿನ ಹಾಗೆ ಚಪ್ಪಾಳೆ ತಟ್ಟಿದ. ನಾನೂ ತಟ್ಟಿದೆ.

ಪಾತು ಹೊರಗೆ ಬಂದು ನಿಂತಿತು. ಕಿವಿ ಆಡಿಸಿತು. ಇರ್ಫಾನ್ ಕೈಯನ್ನು ಜೇಬಿನೊಳಗೆ ತುರುಕಿಕೊಂಡ. ಗಾಳಿ ಬೀಸಿತು. ಪಾತು ಮೂಗರಳಿಸಿ, ಒಂದೇ ನೆಗೆತಕ್ಕೆ ಹಿಂಡು ಹೋದ ಕಡೆಗೆ ಓಡಿತು. ತಿರುಗಿ ನೋಡಲಿಲ್ಲ.

"ಹಾಳಾದ್ದು! ಬಾಟ್ಲಿ ಹಾಲು ಕೊಟ್ಟವ ನಾನು, ಒಂದ್ಸಲ ತಿರುಗಿ ನೋಡ್ಲಿಕ್ಕೆ ಎಂತ ಆಗ್ತದೆ ಅದಕ್ಕೆ?" ಎಂದ ಇರ್ಫಾನ್. ಅವನ ಕಣ್ಣು ತುಂಬಿತ್ತು. ಮರುಕ್ಷಣ ದಿಬ್ಬದ ಮೇಲೆ ಓಡಿ ಹತ್ತಿ, ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದು, ಗಂಟಲು ಹರಿಯುವ ಹಾಗೆ ಕೂಗಿದ:

"ಹೋಗು ಪಾತು! ಯಾರು ಕರೆದ್ರೂ ಬರ್ಬೇಡ! ನಾನು ಕರೆದ್ರೂ ಬರ್ಬೇಡ!"